ಲೇಬಲ್ ಸಾಹೇಬರ ಸಕ್ಕರೆ ಸಾಬೂನು

ನಮ್ಮ ಕಟ್ಟಡದ ಎರಡನೇ ಮಹಡಿಯ ಲೇಬಲ್ ಸಾಹೇಬರು ಸುಳ್ಳುಗಾರರಲ್ಲ. ಮುಂದಿನದನ್ನು ಕೇಳಿದವರು ಹಾಗೆಂದುಕೊಳ್ಳಬಾರದು ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ. ಅವರು ಹೇಳುವುದು ಸತ್ಯವನ್ನೇ. ಆದರೆ ಆ ಸತ್ಯ ಅವರ ಬಾಯಿಂದ ಹೊರಡುವ ಮೊದಲು ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಹಾಕಿದ ಕೋಟು ತೊಟ್ಟುಕೊಂಡೇ ಹೊರಡುತ್ತದೆ. ಗುರುತು ಹಿಡಿಯುವುದು ಸ್ವಲ್ಪ ಕಷ್ಟ, ಅಷ್ಟೆ.

ಅವರಿಗೆ ಕೆಲಸ ಸಾಬೂನು ಕಾರ್ಖಾನೆಯ ಗೋದಾಮಿನಲ್ಲಿ. ಲಾರಿಯಿಂದ ಇಳಿದ ಪೀಪಾಯಿಗಳಿಗೆ ಒಳಗೇನಿದೆ, ಯಾವತ್ತು ಬಂತು ಎಂಬ ಚೀಟಿ ಅಂಟಿಸಬೇಕು. ಹೊರಗೆ ಹೋಗುವ ಬಾಟಲಿಗಳ ಲೇಬಲ್ಲು ನೆಟ್ಟಗಿದೆಯೋ ಸೊಟ್ಟಗಿದೆಯೋ ನೋಡಬೇಕು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿ ಅವರಿಗೆ ರಸಾಯನಗಳ ಹೆಸರೆಲ್ಲ ಬಾಯಿಪಾಠವಾಗಿದೆ. ಗುಣ ಗೊತ್ತಿಲ್ಲ, ಹೆಸರು ಗೊತ್ತು. ಅಕ್ಕಪಕ್ಕದ ಮನೆಯವರ ವಿಷಯದಲ್ಲಿ ನಮ್ಮ ತಿಳುವಳಿಕೆಯೂ ಅಷ್ಟೇ ಇರುವುದರಿಂದ ಇದನ್ನು ದೊಡ್ಡ ದೋಷವೆಂದು ಯಾರೂ ಎಣಿಸಿರಲಿಲ್ಲ.

ಅವರ ಹೆಂಡತಿಯನ್ನು ಇಡೀ ಕಟ್ಟಡ ಅಕ್ಕ ಎನ್ನುತ್ತದೆ. ಎಪ್ಪತ್ತು ದಾಟಿದ, ಮೊದಲ ಮಹಡಿಯ ನಿವೃತ್ತ ಹೆಡ್‌ಮಾಸ್ಟರು ಕೂಡ ಅಕ್ಕ ಎಂದೇ ಕರೆಯುತ್ತಾರೆ. ಮೂರು ಬೀದಿ ಆಚೆಯ ಸಲೂನಿನಲ್ಲಿ ಬಂದವರ ತಲೆ ತೊಳೆಯುವುದು ಆಕೆಯ ಕೆಲಸ. ತಲೆ ತೊಳೆಯುವುದರಲ್ಲಿ ಏನು ವಿದ್ಯೆ ಎಂದು ಕೇಳುವವರು ಆಕೆಯ ಬೇಸಿನ್ನಿಗೆ ಒಮ್ಮೆ ಕತ್ತು ಕೊಟ್ಟು ನೋಡಬೇಕು. ಮನೆಯಲ್ಲಿ ಜಗಳವಾಡಿಕೊಂಡು ಬಂದವರು ಎರಡು ನಿಮಿಷದಲ್ಲಿ ಮೆತ್ತಗಾಗುತ್ತಾರೆ. ಒಬ್ಬ ವಕೀಲರು ಅಲ್ಲೇ ಗೊರಕೆ ಹೊಡೆದು, ಕೋರ್ಟಿನ ಹೊತ್ತು ಮೀರಿ, ಕೇಸು ಸೋತರು. ಮುಂದಿನ ವಾರ ಮತ್ತೆ ಆಕೆಯ ಬೇಸಿನ್ನನ್ನೇ ಕೇಳಿಕೊಂಡು ಬಂದರು.

ಅಂಥ ಕೈಗಳು ಒಂದು ವರ್ಷದಿಂದ ಕೆಟ್ಟಿದ್ದವು. ಬೆರಳ ಸಂದುಗಳಲ್ಲಿ ಬಿರುಕು, ಗೆಣ್ಣುಗಳ ಮೇಲೆ ಕೆಂಪು, ಮುಷ್ಟಿ ಕಟ್ಟಿದರೆ ರಕ್ತ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ದಿನಕ್ಕೆ ಮೂವತ್ತು ಸಲ ಅದೇ ಶಾಂಪೂವಿನಲ್ಲಿ ಕೈ ಅದ್ದುತ್ತಿದ್ದರೆ ಮುಲಾಮು ತಾನೇ ಏನು ಮಾಡೀತು ಎಂದೂ ಕೇಳಿದರು. ತಲೆ ತೊಳೆಯುವಾಗ ಕೈಗವಸು ಹಾಕಿಕೊಳ್ಳಿ ಎಂದವರಿಗೆ ಅಕ್ಕ ಕೊಟ್ಟ ಉತ್ತರ ಒಂದೇ: “ಗವಸು ಹಾಕ್ಕೊಂಡ್ರೆ ತಲೆ ಹೇಳೋದು ನನಗೆ ಕೇಳಿಸಲ್ಲ.” ಕೊನೆಗೆ ಸಲೂನಿನ ಯಜಮಾನಿ ಆಕೆಯನ್ನು ಪಕ್ಕಕ್ಕೆ ಕರೆದು, ಗಿರಾಕಿಗಳು ಕೈ ನೋಡಿ ಹಿಂಜರಿಯುತ್ತಿದ್ದಾರೆ, ಒಂದು ತಿಂಗಳಲ್ಲಿ ವಾಸಿಯಾಗದಿದ್ದರೆ ಕೌಂಟರಿನಲ್ಲಿ ಕೂತು ಫೋನು ತೆಗೆದುಕೊಳ್ಳುವ ಕೆಲಸ ಮಾಡು ಎಂದಳು. ಒಳ್ಳೆಯ ಮಾತಿನಲ್ಲೇ ಹೇಳಿದಳು. ಅಕ್ಕ ಮನೆಗೆ ಬಂದು, ಮಡಿಸಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಇದೇ ಹೊತ್ತಿಗೆ ಕಾರ್ಖಾನೆಯ ಬೋರ್ಡಿನ ಮೇಲೆ ಒಂದು ನೋಟೀಸು ಬಿತ್ತು. ಲ್ಯಾಬಿನ ಕೆಮಿಸ್ಟ್ ಮೇಡಂ ಸೂಕ್ಷ್ಮ ಚರ್ಮದವರಿಗಾಗಿ ಕೈಗೂ ತಲೆಗೂ ಆಗುವ ಒಂದು ಹೊಸ ದ್ರವ ಸಾಬೂನು ಮಾಡಿದ್ದರು. ಕೆಲಸಗಾರರ ಮನೆಗಳಲ್ಲಿ ಅಂಥ ಚರ್ಮದವರಿದ್ದರೆ ಇಪ್ಪತ್ತೊಂದು ದಿನ ಬಳಸಿ, ದಿನವೂ ಒಂದು ಪುಸ್ತಕದಲ್ಲಿ ಬರೆದು ಕೊಡಬೇಕು. ಲೇಬಲ್ ಸಾಹೇಬರು ನೋಟೀಸಿನ ಗೋಂದು ಒಣಗುವ ಮೊದಲೇ ಹೆಂಡತಿಯ ಹೆಸರು ಬರೆಸಿದರು. ಮೇಡಂ ಅಕ್ಕನನ್ನು ಕರೆಸಿ, ಒಳಮೊಣಕೈಗೆ ಒಂದು ತೊಟ್ಟು ಹಚ್ಚಿ, ಎರಡು ದಿನ ತುರಿಕೆ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಮನೆಗೆ ಎರಡು ಬಾಟಲಿ, ಸಲೂನಿನ ಬೇಸಿನ್ನಿಗೆಂದು ಒಂದು ಕ್ಯಾನು ಕೊಟ್ಟರು.

ಆ ಬಾಟಲಿಗಳನ್ನು ಎದೆಗವಚಿಕೊಂಡು ಸಾಹೇಬರು ಮೆಟ್ಟಿಲು ಹತ್ತುವಾಗ ಹೆಡ್‌ಮಾಸ್ಟರು ಎದುರಾದರು. ಏನದು ಎಂದರು. ಹೊಸ ಸಂಶೋಧನೆ ಎಂದರು ಇವರು. ಯಾರದು ಎಂದರು ಅವರು.

“ನಾವೇ ಮಾಡಿದೀವಿ,” ಎಂದರು ಲೇಬಲ್ ಸಾಹೇಬರು.

ನಮ್ಮ ಭಾಷೆಯಲ್ಲಿ ‘ನಾವು’ ಎಂಬುದು ಬಹಳ ವಿಶಾಲವಾದ ಮನೆ. ಅದರಲ್ಲಿ ಇಡೀ ಕಾರ್ಖಾನೆ ಸಂಸಾರ ಹೂಡಬಹುದು, ಅಥವಾ ತನ್ನನ್ನೇ ಗೌರವದಿಂದ ಕಾಣುವ ಒಬ್ಬನೇ ಮನುಷ್ಯ ಕಾಲು ಚಾಚಿ ಮಲಗಬಹುದು. ಸಾಹೇಬರು ಹೇಳಿದ್ದು ಮೊದಲನೆಯ ಅರ್ಥದಲ್ಲಂತೆ. ಹೆಡ್‌ಮಾಸ್ಟರಿಗೆ ಕೇಳಿಸಿದ್ದು ಎರಡನೆಯದು. ತಿದ್ದುವುದಕ್ಕೆ ಸಮಯವಿತ್ತು. ಆದರೆ ಹೆಡ್‌ಮಾಸ್ಟರು ಹುಬ್ಬೇರಿಸಿ, ಇಷ್ಟು ದಿನ ನಿಮ್ಮನ್ನು ಬರೀ ಗೋದಾಮಿನವರು ಅಂದುಕೊಂಡಿದ್ದೆನಲ್ಲ ಎಂದುಬಿಟ್ಟರು. ಅಂಥ ಮಾತು ಕೇಳಿದ ಮೇಲೆ ತಿದ್ದಲು ಮನುಷ್ಯ ಸನ್ಯಾಸಿಯಾಗಿರಬೇಕು. ಯಾವುದರಿಂದ ಮಾಡಿದ್ದೆಂಬ ಮುಂದಿನ ಪ್ರಶ್ನೆಗೆ ಸಾಹೇಬರು ಪೀಪಾಯಿಯ ಮೇಲಿನ ಹೆಸರು ನೆನೆದು, ಗಂಟಲು ಸರಿಮಾಡಿಕೊಂಡು, “ಗ್ಲುಕೋಸೈಡ್. ಅಂದ್ರೆ ಸಕ್ಕರೆ. ಚರ್ಮಕ್ಕೆ ಸಿಹಿ ತಿನ್ಸಿದ ಹಾಗೆ” ಎಂದರು.

ಎಲ್ಲ ತೊಂದರೆಯೂ ಈ ಕೊನೆಯ ವಾಕ್ಯದಿಂದ ಹುಟ್ಟಿತು.

ಸಂಜೆಯೊಳಗೆ ಸುದ್ದಿ ನಾಲ್ಕೂ ಮಹಡಿ ಹತ್ತಿ ಇಳಿಯಿತು. ಸಾಹೇಬರ ನಡಿಗೆ ಬದಲಾಯಿತು. ಕೈ ಹಿಂದಕ್ಕೆ ಕಟ್ಟಿ, ತಲೆ ತಗ್ಗಿಸಿ, ಏನೋ ಲೆಕ್ಕ ಹಾಕುವವರಂತೆ ನಡೆಯತೊಡಗಿದರು. ಎದುರಾದವರ ಮುಖ ನೋಡಿ, ಇದು ಒಣ ಚರ್ಮ, ಇದು ಎಣ್ಣೆ ಚರ್ಮ ಎಂದು ಕೇಳದೆಯೇ ತೀರ್ಪು ಕೊಡತೊಡಗಿದರು. ನನ್ನದು ಮಿಶ್ರ ಚರ್ಮವಂತೆ. ಅಂದಿನಿಂದ ನಾನೂ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೇನೆ.

ಮೊದಲ ಬಲಿ ನೆಲಮಹಡಿಯ ದರ್ಜಿ. ಅವನಿಗೆ ಕ್ಷೌರವಾದ ಮೇಲೆ ಕೆನ್ನೆ ಉರಿಯುವ ಕಷ್ಟ. ಸಾಹೇಬರ ಬಳಿ ಒಂದು ಬಾಟಲಿ ಕೇಳಿದ. ಪ್ರಯೋಗದ ಬಾಟಲಿ ಕೊಡುವ ಹಾಗಿಲ್ಲ ಎಂದರು. ಸಕ್ಕರೆಯೇ ತಾನೆ ಎಂದುಕೊಂಡ ದರ್ಜಿ ಅಡುಗೆಮನೆಯ ಡಬ್ಬದಿಂದ ಹಿಡಿ ಸಕ್ಕರೆ ತೆಗೆದು, ಕೆನ್ನೆಗೆ ಹಚ್ಚಿ, ಹಿತ್ತಾಳೆ ಗುಂಡಿಗೆ ಹೊಳಪು ಕೊಡುವಷ್ಟೇ ಶ್ರದ್ಧೆಯಿಂದ ಉಜ್ಜಿದ. ಮರುದಿನ ಅವನ ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಳತೆಗೆ ಬಂದವರು ಅಳತೆ ಕೊಡುವುದು ಬಿಟ್ಟು, ಏನಾಯಿತು ಮಾರಾಯ ಎಂದು ಕೇಳುತ್ತಿದ್ದರು. ಎಲ್ಲರಿಗೂ ಅವನು ಒಂದೇ ಉತ್ತರ ಕೊಟ್ಟ: ಎರಡನೇ ಮಹಡಿಯ ವಿಜ್ಞಾನಿ.

ಎರಡನೆಯ ಗಲಾಟೆ ಸಾಹೇಬರ ಮನೆಯೊಳಗೇ ಎದ್ದಿತು. ಅಕ್ಕನ ತಾಯಿ, ಅಂದರೆ ಸಾಹೇಬರ ಅತ್ತೆ, ಅವರೊಂದಿಗೇ ಇರುತ್ತಾರೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಬಾಟಲಿ ಮನೆಗೆ ಬಂದ ದಿನವೇ ಅವರು, ಅಳಿಯಂದಿರು ವಿದ್ಯಾವಂತರು, ಆದರೆ ಬಚ್ಚಲಿನಲ್ಲಿ ಸಕ್ಕರೆ ಇಡುವ ವಿದ್ಯೆ ತಾನು ಎಲ್ಲೂ ಕೇಳಿಲ್ಲ ಎಂದು ಗೋಡೆಗೆ ಹೇಳಿದರು. ಚರ್ಮದ ಮೂಲಕ ಒಳಗಿಳಿದರೆ ಗತಿಯೇನು ಎಂದು ಕೇಳಿ, ತಮ್ಮ ಟವೆಲ್ಲು, ಚೊಂಬು, ಬಕೆಟ್ಟು ಮೂರನ್ನೂ ಕೋಣೆಗೆ ಸಾಗಿಸಿಕೊಂಡರು. ಹತ್ತನೇ ದಿನ ಅವರ ರಕ್ತಪರೀಕ್ಷೆಯ ಚೀಟಿ ಬಂತು. ಹೋದ ತಿಂಗಳು ನೂರಾ ನಲವತ್ತಿದ್ದದ್ದು ಇನ್ನೂರ ಎಂಬತ್ತು. ಅವರು ಆ ಚೀಟಿಯನ್ನು ಬಾಗಿಲಿಗೆ ಬಂದ ಎಲ್ಲರಿಗೂ ತೋರಿಸಿದರು. ಅವರ ಮುಖದಲ್ಲಿ ಕಾಯಿಲೆಯವರ ದುಃಖವಿರಲಿಲ್ಲ. ಕೇಸು ಗೆದ್ದವರ ಕಳೆಯಿತ್ತು.

ಮೂರನೆಯದು ಇರುವೆಗಳು. ಹೆಡ್‌ಮಾಸ್ಟರಿಗೂ ಸಕ್ಕರೆ ಕಾಯಿಲೆ. ಅವರು ಬೆಳಗಿನ ವಾಕಿಂಗಿಗೆ ಇಳಿಯುವಾಗ ಮೆಟ್ಟಿಲಿನ ಅಂಚಿನಲ್ಲಿ ಕೆಂಪಿರುವೆಗಳ ಸಾಲು ಕಂಡರು. ಮೂವತ್ತು ವರ್ಷ ನಕಲು ಮಾಡುವ ಹುಡುಗರನ್ನು ಹಿಡಿದ ಕಣ್ಣು. ಸಾಲಿನ ಜೊತೆಗೇ ಬಗ್ಗಿ ಬಗ್ಗಿ ಮೇಲಕ್ಕೆ ನಡೆದರು. ಸಾಲು ನೇರವಾಗಿ ಲೇಬಲ್ ಸಾಹೇಬರ ಮನೆಯ ಹೊಸ್ತಿಲಡಿ ನುಗ್ಗಿತ್ತು. ಬಚ್ಚಲಿನ ನೀರು ಕೊಳವೆಗೆ, ಕೊಳವೆ ಸೋರಿ ನೆಲದಡಿಯ ತೊಟ್ಟಿಗೆ, ತೊಟ್ಟಿಯಿಂದ ಪಂಪು ಹತ್ತಿ ಎಲ್ಲರ ನಲ್ಲಿಗೆ. ಈ ತರ್ಕವನ್ನು ಅವರು ನೋಟೀಸು ಬೋರ್ಡಿನ ಮೇಲೆ ಬಾಣದ ಗುರುತುಗಳ ಸಮೇತ ಬಿಡಿಸಿ ತೋರಿಸಿದರು. ಚಿತ್ರ ಬಹಳ ಚೆನ್ನಾಗಿತ್ತು. ಅಷ್ಟು ಚೆನ್ನಾಗಿರುವ ಚಿತ್ರ ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ನಮಗೆಲ್ಲ ಅನ್ನಿಸಿತು. ನೈರ್ಮಲ್ಯ ಇಲಾಖೆಗೆ ಒಂದು ಅರ್ಜಿ ಹೋಯಿತು. ದರ್ಜಿಯ ಸಹಿ ಮೊದಲನೆಯದು. ಏಳನೆಯದು ನನ್ನದು. ಮುಚ್ಚಿಡುವುದಿಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಅಕ್ಕ ಏನು ಮಾಡುತ್ತಿದ್ದಳು ಎಂದು ಯಾರೂ ನೋಡಲಿಲ್ಲ. ಆಕೆ ಬೆಳಿಗ್ಗೆ ಸಲೂನಿಗೆ ಹೋಗುತ್ತಿದ್ದಳು, ಆ ಕ್ಯಾನಿನಿಂದಲೇ ತಲೆ ತೊಳೆಯುತ್ತಿದ್ದಳು, ಮನೆಗೆ ಬಂದು ಪುಸ್ತಕದಲ್ಲಿ ಬರೆಯುತ್ತಿದ್ದಳು. ಗಂಡ ಒಮ್ಮೆ ಇಣುಕಿ, ಶಾಸ್ತ್ರೀಯವಾಗಿ ಬರೆಯುವುದು ಹೇಗೆಂದು ತಾನು ಹೇಳಿಕೊಡುತ್ತೇನೆ ಎಂದರಂತೆ. ಆಕೆ ಪುಸ್ತಕ ಮುಚ್ಚಿ ಅದರ ಮೇಲೆ ಕೂತಳು.

ಹನ್ನೆರಡನೇ ದಿನ, ಭಾನುವಾರ ಬೆಳಿಗ್ಗೆ, ಇನ್‌ಸ್ಪೆಕ್ಟರು ಬಂದರು. ದಪ್ಪ ಚರ್ಮದ ಚೀಲ, ಕಿವಿಯ ಮೇಲೊಂದು ಪೆನ್ನು, ಜೇಬಿನಲ್ಲಿ ಇನ್ನೊಂದು. ಸಾಹೇಬರ ಮನೆಯ ಮುಂದಿನ ಕೋಣೆ ಅರ್ಧ ಗಂಟೆಯಲ್ಲಿ ತುಂಬಿತು. ಜಾಗ ಸಿಗದವರು ಮೆಟ್ಟಿಲ ಮೇಲೆ ನಿಂತರು. ಸಾಹೇಬರು ಇದಕ್ಕಾಗಿಯೇ ಕೋಟು ತೊಟ್ಟಿದ್ದರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ಇನ್‌ಸ್ಪೆಕ್ಟರು ಅರ್ಜಿಯನ್ನು ಗಟ್ಟಿಯಾಗಿ ಓದಿದರು. ದರ್ಜಿ ಕೆನ್ನೆ ತೋರಿಸಿದ. ಅತ್ತೆ ಚೀಟಿ ತೋರಿಸಿದರು. ಹೆಡ್‌ಮಾಸ್ಟರು ಕೋಲಿನ ತುದಿಯಿಂದ ಇರುವೆಗಳನ್ನು ತೋರಿಸಿದರು. ಇರುವೆಗಳು ತಮ್ಮ ಪಾಡಿಗೆ ತಾವು ಸಾಕ್ಷಿ ಹೇಳುತ್ತ ಹೋಗುತ್ತಿದ್ದವು. ಎಲ್ಲವನ್ನೂ ಬರೆದುಕೊಂಡ ಇನ್‌ಸ್ಪೆಕ್ಟರು ತಲೆಯೆತ್ತಿ, ಇದನ್ನು ಕಂಡುಹಿಡಿದವರು ತಾವೇ ಅಲ್ಲವೆ ಎಂದು ಸಾಹೇಬರನ್ನು ಕೇಳಿದರು. ಹಾಗಾದರೆ ಒಂದು ಹೇಳಿಕೆ ಕೊಡಿ, ಸಹಿ ಹಾಕಿ, ಬಾಟಲಿಗಳನ್ನು ಒಪ್ಪಿಸಿ ಎಂದರು. ಸಂಶೋಧಕರೇ ಸಕ್ಕರೆಯೆಂದು ಒಪ್ಪಿದ ಮೇಲೆ ಇಲಾಖೆ ಸಾಮಾನನ್ನೆಲ್ಲ ಮುದ್ರೆ ಹಾಕಿ ಒಯ್ಯುತ್ತದೆ, ವಿಚಾರಣೆ ಎರಡು ಮೂರು ತಿಂಗಳು ನಡೆಯುತ್ತದೆ. ಸಂಶೋಧಕರಲ್ಲದಿದ್ದರೆ, ನಿಜವಾಗಿ ಗೊತ್ತಿರುವವರನ್ನು ಕರೆಸಿ, ಅವರನ್ನು ಕೇಳಿ ಬರೆದುಕೊಳ್ಳುತ್ತೇನೆ ಎಂದು ವಿವರಿಸಿದರು.

ಕೋಣೆಯಲ್ಲಿ ನಲವತ್ತು ಕಣ್ಣು. ಇಪ್ಪತ್ತು ಜನ ಒಟ್ಟಿಗೆ ಲೇಬಲ್ ಸಾಹೇಬರ ಕಡೆ ನೋಡಿದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು. ಇನ್‌ಸ್ಪೆಕ್ಟರು ಕಾಗದದ ಮೇಲೆ ‘ಸಂಶೋಧಕರು’ ಎಂದು ಬರೆದು, ಅದರ ಮುಂದೆ ಹೆಸರಿಗೆ ಜಾಗ ಬಿಟ್ಟು, ಪೆನ್ನು ಚಾಚಿದರು. ಸಾಹೇಬರು ಪೆನ್ನು ತೆಗೆದುಕೊಂಡರು. ಆ ಪದವನ್ನು ಎರಡು ಸಲ ಓದಿದ್ದು ನನಗೆ ಕಂಡಿತು. ಆಮೇಲೆ ಅಡುಗೆಮನೆಯ ಕಡೆ ನೋಡಿದರು. ಸೆರಗಿನ ತುದಿ ಹಿಡಿದ ಅಕ್ಕನ ಕೈಗಳು ಮಾತ್ರ ಕಾಣುತ್ತಿದ್ದವು. ಗೆಣ್ಣುಗಳ ಕೆಂಪು ಅರ್ಧಕ್ಕರ್ಧ ಇಳಿದಿತ್ತು. ಅದನ್ನು ನಮ್ಮಲ್ಲಿ ಯಾರೂ ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಸಾಹೇಬರು ಪೆನ್ನನ್ನು ಮೇಜಿನ ಮೇಲಿಟ್ಟರು.

“ನಾನು ಕಂಡುಹಿಡಿದಿಲ್ಲ ಸಾರ್. ಪೀಪಾಯಿಗೆ ಚೀಟಿ ಅಂಟಿಸ್ತೀನಿ. ಒಳಗೇನಿದೆ ಅಂತ ನಂಗೂ ಗೊತ್ತಿಲ್ಲ. ನಮ್ಮ ಕೆಮಿಸ್ಟ್ ಮೇಡಂ ಮಾಡಿದ್ದು. ಬಾಟ್ಲಿ ಒಯ್ಯಬೇಡಿ, ಇವಳ ಕೈ ವಾಸಿಯಾಗ್ತಿದೆ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ನಗುವುದು ಹೇಗೆಂದು ತಿಳಿಯಲಿಲ್ಲ ಎಂದರೆ ಸರಿ. ದರ್ಜಿ ತನ್ನ ಕೆನ್ನೆಯನ್ನು ಸವರಿಕೊಂಡು, ಹಾಗಾದರೆ ತಾನು ಯಾರ ಮಾತು ಕೇಳಿ ಉಜ್ಜಿಕೊಂಡೆ ಎಂದು ಮೆಲ್ಲಗೆ ಕೇಳಿದ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಸಾಹೇಬರು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. ಅಕ್ಕ ಒಳಗೆ ಹೋಗಿ, ಪುಸ್ತಕದ ಮೊದಲ ಹಾಳೆಯಲ್ಲಿದ್ದ ನಂಬರಿಗೆ ಫೋನು ಮಾಡಿದಳು.

ಕೆಮಿಸ್ಟ್ ಮೇಡಂ ಒಂದು ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದರು. ಮೂವತ್ತು ತುಂಬಿರದ ಹೆಣ್ಣುಮಗಳು. ಇಷ್ಟು ಚಿಕ್ಕವಳೇ ಇದನ್ನು ಕಂಡುಹಿಡಿದದ್ದು ಎಂದು ಹೆಡ್‌ಮಾಸ್ಟರಿಗೆ ಅನುಮಾನ. ಕೋಟು ತೊಟ್ಟ ಸಾಹೇಬರನ್ನು ನಂಬಿದವರಿಗೆ ಹೆಲ್ಮೆಟ್ಟು ಹಿಡಿದ ಹುಡುಗಿಯನ್ನು ನಂಬುವುದು ಕಷ್ಟವಾಯಿತು. ಆಕೆ ಮಾತ್ರ ನೆಲದ ಮೇಲೇ ಕೂತು, ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ಕೊಳೆಗೆ ಜಿಡ್ಡು ಅಂಟಿರುತ್ತದೆ. ನೀರು ಜಿಡ್ಡನ್ನು ಮುಟ್ಟುವುದಿಲ್ಲ. ಇಬ್ಬರನ್ನೂ ಬಲ್ಲ ಒಬ್ಬ ಮಧ್ಯಸ್ಥ ಬೇಕು. ಸಾಬೂನಿನಲ್ಲಿರುವುದು ಅಂಥ ಮಧ್ಯಸ್ಥ. ಒಂದು ಕೈ ನೀರಿನ ಕಡೆ, ಒಂದು ಕೈ ಜಿಡ್ಡಿನ ಕಡೆ. ಬಹಳ ಶಾಂಪೂಗಳಲ್ಲಿರುವ ಮಧ್ಯಸ್ಥ ಜಗಳಗಂಟ. ಕೊಳೆಯ ಜೊತೆಗೆ ಚರ್ಮದ ಸ್ವಂತ ಎಣ್ಣೆಯನ್ನೂ ಕಿತ್ತುಕೊಂಡು ಹೋಗುತ್ತಾನೆ, ಚರ್ಮದ ಮೇಲ್ಪದರದೊಳಕ್ಕೂ ನುಗ್ಗುತ್ತಾನೆ. ಗಟ್ಟಿ ಚರ್ಮದವರು ತಾಳಿಕೊಳ್ಳುತ್ತಾರೆ. ಸೂಕ್ಷ್ಮ ಚರ್ಮದವರಿಗೆ ಬಿಗಿತ, ಉರಿ, ಬಿರುಕು. ಈ ಗ್ಲುಕೋಸೈಡಿನಲ್ಲಿ ನೀರಿನ ಕಡೆಯ ಕೈ ಸಕ್ಕರೆಯಿಂದ ಬಂದದ್ದು, ಜಿಡ್ಡಿನ ಕಡೆಯ ಕೈ ತೆಂಗಿನೆಣ್ಣೆಯಂಥದರಿಂದ ಬಂದದ್ದು. ಇವನು ಸ್ವಲ್ಪ ಸಾಧು, ಕೊಳೆಯನ್ನು ಕರೆದೊಯ್ಯುತ್ತಾನೆ, ಮನೆಯವರನ್ನು ಅಷ್ಟಾಗಿ ಕೆಣಕುವುದಿಲ್ಲ.

“ಅಂದ್ರೆ ಸಕ್ಕರೆ ಇದೆ ಅಂದ ಹಾಗಾಯ್ತಲ್ಲ,” ಎಂದರು ಅತ್ತೆ.

“ಹಾಲು ಮೊಸರಾದ್ಮೇಲೆ ಮತ್ತೆ ಹಾಲು ಅಂತೀವಾ ಅಜ್ಜಿ? ಎರಡೂ ಸೇರಿ ಬೇರೆಯೇ ಒಂದು ವಸ್ತು ಆಗಿದೆ. ಸಿಹಿಯೂ ಇಲ್ಲ, ರಕ್ತಕ್ಕೆ ಸಕ್ಕರೆಯಾಗಿ ಸೇರೋದೂ ಇಲ್ಲ.”

ಇದು ಔಷಧಿಯಲ್ಲ ಎಂದೂ ಮೇಡಂ ಹೇಳಿದರು. ಎಲ್ಲರಿಗೂ ಒಗ್ಗುತ್ತದೆ ಎಂದೂ ಇಲ್ಲ, ಕೆಲವರಿಗೆ ಇದರಿಂದಲೇ ತುರಿಕೆ ಬರಬಹುದು, ಅದಕ್ಕೇ ಮೊದಲು ಮೊಣಕೈಗೆ ಹಚ್ಚಿ ನೋಡುವುದು. ದರ್ಜಿಯ ಕೆನ್ನೆ ನೋಡಿ, ಹರಳು ಸಕ್ಕರೆ ಉಜ್ಜುವುದೂ ಮರಳು ಉಜ್ಜುವುದೂ ಒಂದೇ ಎಂದರು.

ಹೆಡ್‌ಮಾಸ್ಟರು ಅಷ್ಟಕ್ಕೆ ಬಿಡಲಿಲ್ಲ. ಮಾತು ಯಾರು ಬೇಕಾದರೂ ಆಡಬಹುದು, ಪುರಾವೆ ಬೇಕು ಎಂದರು. ಕೆಳಗೆ ಹೋಗಿ ತಾವು ಸಕ್ಕರೆ ಪರೀಕ್ಷೆಗೆ ಇಟ್ಟುಕೊಂಡಿದ್ದ ಕಾಗದದ ಪಟ್ಟಿಗಳ ಡಬ್ಬಿ ತಂದರು. ಸಕ್ಕರೆಯಿದ್ದರೆ ಪಟ್ಟಿ ಹಸಿರಿಗೆ, ಹೆಚ್ಚಿದ್ದರೆ ಕಂದು ಬಣ್ಣಕ್ಕೆ ತಿರುಗುವಂಥದ್ದು. ಅದು ಮೂತ್ರಕ್ಕೆ ಮಾಡಿದ್ದು ಎಂದು ಮೇಡಂ ಹೇಳಿದರೂ ಕೇಳಲಿಲ್ಲ. ಇನ್‌ಸ್ಪೆಕ್ಟರು ಗಂಭೀರವಾಗಿ ಬಾಟಲಿಯೊಳಕ್ಕೆ ಒಂದು ಪಟ್ಟಿ ಅದ್ದಿದರು. ಬಣ್ಣ ಬದಲಾಗಲಿಲ್ಲ. ಬಚ್ಚಲಿನ ನೀರಿಗೆ ಒಂದು, ನಲ್ಲಿಯ ನೀರಿಗೆ ಒಂದು. ಯಾವುದೂ ಬದಲಾಗಲಿಲ್ಲ. ಹೆಡ್‌ಮಾಸ್ಟರು ತಮ್ಮ ಬಾಣಗಳ ಚಿತ್ರವನ್ನು ನೆನೆದು ಸಣ್ಣಗಾದರು. ಹಾಗಾದರೆ ಇರುವೆ ಯಾಕೆ ಬಂತು ಎಂದು ಕೊನೆಯ ಆಸರೆಯಾಗಿ ಕೇಳಿದರು.

ಇನ್‌ಸ್ಪೆಕ್ಟರು ಈಗ ನಿಜವಾದ ಇನ್‌ಸ್ಪೆಕ್ಟರಾದರು. ಬಗ್ಗಿ ಇರುವೆಗಳ ಹಿಂದೆ ಹೊರಟರು. ಅವರ ಹಿಂದೆ ಹೆಡ್‌ಮಾಸ್ಟರು, ಅವರ ಹಿಂದೆ ದರ್ಜಿ, ನಾನು, ಒಟ್ಟು ಒಂಬತ್ತು ಜನ, ಒಂದೇ ಸಾಲಿನಲ್ಲಿ. ಇರುವೆಗಳು ಬಚ್ಚಲಿನ ಬಾಗಿಲಿಗೆ ಬಂದವು. ನಾವು ಉಸಿರು ಹಿಡಿದೆವು. ಬಾಟಲಿಯಿಟ್ಟ ಗೂಡಿನತ್ತ ತಿರುಗಿಯೂ ನೋಡದೆ ಮುಂದೆ ಸಾಗಿದವು. ಅತ್ತೆಯ ಕೋಣೆ ಹೊಕ್ಕವು. ಮಂಚದ ಕಾಲು ಬಳಸಿ, ತಲೆದೆಸೆಯ ಸ್ಟೂಲು ಹತ್ತಿ, ಅಲ್ಲಿದ್ದ ಮುಚ್ಚಳದ ಸ್ಟೀಲ್ ಲೋಟದ ಸುತ್ತ ಸಭೆ ಸೇರಿದ್ದವು.

ಅದು ತಮ್ಮ ಕಷಾಯ, ಯಾರೂ ಮುಟ್ಟಬಾರದು ಎಂದರು ಅತ್ತೆ, ಬಾಗಿಲಿನಿಂದಲೇ.

ಇನ್‌ಸ್ಪೆಕ್ಟರು ಮುಚ್ಚಳ ತೆಗೆದು ಪಟ್ಟಿ ಅದ್ದಿದರು. ಪಟ್ಟಿ ಹಸಿರಾಯಿತು. ನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿತು. ಇನ್ನೂ ಮುಂದಕ್ಕೆ ಹೋಗಲು ಅದರಲ್ಲಿ ಬಣ್ಣವಿರಲಿಲ್ಲ. ಲೋಟದಲ್ಲಿದ್ದದ್ದು ಕಿತ್ತಳೆ ರಸ. ತಳದಲ್ಲಿ ಎರಡು ಬೆರಳು ಕರಗದ ಸಕ್ಕರೆ.

ಅತ್ತೆ ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು, ಕಿಟಕಿಯ ಹೊರಗೆ ನೋಡಿದರು. ಬಾಯಿ ಕಹಿಯಾಗಿತ್ತು ಎಂದರು. ಎಷ್ಟು ದಿನದಿಂದ ಎಂದು ಅಕ್ಕ ಕೇಳಿದಳು. ಬಾಟಲಿ ಬಂದಾಗಿನಿಂದ ಎಂದರು ಅವರು. ಹೇಗೂ ಅಪವಾದ ಹೊರಲು ಒಂದು ಬಾಟಲಿ ಮನೆಗೆ ಬಂದಿದೆ, ಅವಕಾಶ ಯಾಕೆ ಕಳೆದುಕೊಳ್ಳಬೇಕು ಎಂಬುದು ಅವರ ಲೆಕ್ಕಾಚಾರ ಎಂದು ನಾವೆಲ್ಲ ಅರ್ಥ ಮಾಡಿಕೊಂಡೆವು. ಆಗ ಅತ್ತೆಯ ರಕ್ಷಣೆಗೆ ಬಂದವರು ಲೇಬಲ್ ಸಾಹೇಬರೇ. ಮೊದಲು ತಾನು ಸಕ್ಕರೆ ಎಂದದ್ದಕ್ಕೆ ತಾನೆ ಪಾಪ ಅವರಿಗೆ ಆಸೆಯಾದದ್ದು, ತಪ್ಪು ತನ್ನದು ಎಂದುಬಿಟ್ಟರು. ಅತ್ತೆ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅಳಿಯನ ಕಡೆ ಕೃತಜ್ಞತೆಯಿಂದ ನೋಡಿದರು. ಅಕ್ಕ ಲೋಟವನ್ನು ಒಯ್ದು ತೊಳೆದಿಟ್ಟಳು. ಮರುದಿನವೇ ಕೈಹಿಡಿದು ತಾಯಿಯನ್ನು ಡಾಕ್ಟರ ಬಳಿಗೆ ಕರೆದೊಯ್ದಳು.

ಇನ್‌ಸ್ಪೆಕ್ಟರು ವರದಿಯಲ್ಲಿ ‘ಇರುವೆಗಳು ನಿರ್ದೋಷಿ’ ಎಂದು ಬರೆದರಂತೆ. ನಾನು ಕಂಡಿಲ್ಲ. ಹೋಗುವಾಗ ತಮ್ಮ ಮನೆಯಲ್ಲೂ ಒಬ್ಬರಿಗೆ ಚರ್ಮದ ತೊಂದರೆಯಿದೆ ಎಂದು ಮೇಡಂ ಬಳಿ ನಂಬರು ತೆಗೆದುಕೊಂಡರು, ಇದು ನಿಜ.

ಮೇಡಂ ಹೊರಡುವ ಮೊದಲು ಪುಸ್ತಕ ಕೇಳಿದರು. ಅಕ್ಕ ಹಿಂಜರಿಯುತ್ತ ಕೊಟ್ಟಳು, ಅಕ್ಷರ ಚೆನ್ನಾಗಿಲ್ಲ ಎಂದಳು. ಮೇಡಂ ನಿಂತಲ್ಲೇ ಎರಡು ಪುಟ ಓದಿ, ಕೂತು ಎಲ್ಲವನ್ನೂ ಓದಿದರು. ಆಮೇಲೆ ನಮಗೆ ಕೇಳುವಂತೆ ಕೆಲವು ಸಾಲು ಓದಿದರು.

‘ಒಂದನೇ ದಿನ. ನೊರೆ ಸಾಲದು. ತೊಳೆದ ಹಾಗೇ ಅನ್ನಿಸಲಿಲ್ಲ. ಕೂದಲು ಹಿಂಡಿ ಮೂಸಿ ನೋಡಿದೆ, ಎಣ್ಣೆ ಹೋಗಿತ್ತು. ನಾಲ್ಕನೇ ದಿನ. ಹದಿಮೂರು ತಲೆ. ಊಟದ ಹೊತ್ತಿನವರೆಗೆ ಕೈ ಬಿಗಿಯಲಿಲ್ಲ. ಆರನೇ ದಿನ. ಬಿಸಿನೀರು ಕಡಿಮೆ ಮಾಡಿ ಉಗುರುಬೆಚ್ಚಗೆ ಮಾಡಿಕೊಂಡೆ. ಹಾಗಾಗಿ ಗುಣ ಕಂಡಿದ್ದು ಬಾಟಲಿಯಿಂದಲೋ ನೀರಿನಿಂದಲೋ ಹೇಳಲಾರೆ. ಒಂಬತ್ತನೇ ದಿನ. ಮತ್ತೆ ಉರಿ. ಇದು ಬಾಟಲಿಯ ತಪ್ಪಲ್ಲ. ಒಬ್ಬರ ಕೂದಲಿಗೆ ಬಣ್ಣ ಹಚ್ಚುವಾಗ ಅವಸರಕ್ಕೆ ಗವಸು ಹಾಕಲಿಲ್ಲ. ನನ್ನದೇ ತಪ್ಪು. ಹನ್ನೊಂದನೇ ದಿನ. ಗಿರಾಕಿಯೊಬ್ಬರು ನೊರೆಯೇ ಇಲ್ಲ ಅಂದರು. ನೊರೆ ಕಡಿಮೆ, ಕೆಲಸ ಕಡಿಮೆಯಲ್ಲ ಅಂದೆ. ನಿದ್ದೆ ಹೋದರು.’

ಮೇಡಂ ಪುಸ್ತಕ ಮುಚ್ಚಿದರು. ಹದಿನೆಂಟು ಜನ ಪ್ರಯೋಗಕ್ಕೆ ಸೇರಿದ್ದಾರೆ, ಹದಿನೇಳು ಜನ ‘ಚೆನ್ನಾಗಿದೆ’ ಎಂದು ಬರೆದು ಕಳಿಸುತ್ತಿದ್ದಾರೆ ಎಂದರು. ತನ್ನ ತಪ್ಪನ್ನು ಲೆಕ್ಕಕ್ಕೆ ಹಿಡಿದು ಬರೆದವರು ಇವರೊಬ್ಬರೇ, ಲ್ಯಾಬಿನಲ್ಲಿ ತಾನು ಹುಡುಕುವುದು ಇಂಥ ಕಣ್ಣನ್ನೇ ಎಂದರು. ಅಕ್ಕ ಸೆರಗು ಸರಿಮಾಡಿಕೊಂಡಳು. ಸಾಹೇಬರು ಗೋಡೆಯ ಕಡೆ ತಿರುಗಿ, ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನ ತಾರೀಖುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮೂಗು ಮಾತ್ರ ಎರಡು ಸಲ ಸೊರ್ರೆಂದು ಎಳೆದುಕೊಂಡರು.

ಇಪ್ಪತ್ತೊಂದು ದಿನ ಮುಗಿಯಿತು. ಕೈಗಳು ಪೂರ್ತಿ ಮಗುವಿನ ಕೈಗಳಾಗಲಿಲ್ಲ, ಅಕ್ಕನೇ ಹಾಗೆ ಹೇಳಲು ಬಿಡುವುದಿಲ್ಲ. ಬಿರುಕು ಮುಚ್ಚಿತು, ರಕ್ತ ನಿಂತಿತು, ಒಂದೆರಡು ಕಡೆ ಒರಟು ಉಳಿಯಿತು. ಯಜಮಾನಿ ಆ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಕೌಂಟರಿಗೆ ಬೇರೆ ಯಾರನ್ನೋ ಹುಡುಕುತ್ತೇನೆ ಎಂದಳು. ಮುಂದಿನ ವಾರದಿಂದ ಇನ್ನಿಬ್ಬರು ಹೆಂಗಸರಿಗೆ ತಲೆ ತೊಳೆಯುವುದನ್ನು ಕಲಿಸು ಎಂದೂ ಸೇರಿಸಿದಳು. ಅಕ್ಕ ಮೊದಲ ಪಾಠದಲ್ಲಿ ಅವರಿಬ್ಬರನ್ನೂ ಬೇಸಿನ್ನಿಗೆ ಮಲಗಿಸಿ ತಾನೇ ತೊಳೆದಳಂತೆ. ಇಬ್ಬರೂ ನಿದ್ದೆಹೋಗಿ ಪಾಠ ಅಲ್ಲಿಗೇ ನಿಂತಿತು.

ನಾಲ್ಕು ತಿಂಗಳ ಮೇಲೆ ಆ ಸಾಬೂನು ಅಂಗಡಿಗೆ ಹೊರಡಲು ಸಿದ್ಧವಾಯಿತು. ಗೋದಾಮಿಗೆ ಲೇಬಲ್ಲುಗಳ ಸುರುಳಿ ಬಂತು. ಸಾಹೇಬರು ಎಂದಿನಂತೆ ಮೊದಲನೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದರು. ಮೇಲೆ ಹೆಸರು, ಕೆಳಗೆ ಬಳಸುವ ವಿಧಾನ, ನಡುವೆ ಹಸಿರು ಅಕ್ಷರದಲ್ಲಿ ಒಂದು ಸಾಲು: ‘ನೊರೆ ಕಡಿಮೆ, ಕೆಲಸ ಕಡಿಮೆಯಲ್ಲ.’ ಆ ದಿನ ಗೋದಾಮಿನಲ್ಲಿ ಕೆಲಸ ಸ್ವಲ್ಪ ನಿಧಾನವಾಯಿತು. ಸಾಹೇಬರು ಒಂದೊಂದು ಬಾಟಲಿಯನ್ನೂ ಕೈಯಲ್ಲೆತ್ತಿ ಆ ಸಾಲನ್ನು ಓದಿಯೇ ಪೆಟ್ಟಿಗೆಗೆ ಇಳಿಸುತ್ತಿದ್ದರೆಂದು ಕಾರ್ಖಾನೆಯವರು ಹೇಳುತ್ತಾರೆ.

ಸಂಜೆ ಒಂದು ಬಾಟಲಿ ಹಿಡಿದು ಬಂದು ಮೆಟ್ಟಿಲ ಬುಡದಲ್ಲೇ ನಮ್ಮನ್ನು ನಿಲ್ಲಿಸಿದರು. ಬೆರಳಿಟ್ಟು ಸಾಲು ತೋರಿಸಿ, “ಇದು ನಮ್ಮ ಮನೆಯವಳು ಬರೆದದ್ದು” ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೇಡಂ ಪುಸ್ತಕ ಓದಿದಾಗ ನಾವೆಲ್ಲ ಅಲ್ಲೇ ಇದ್ದವರು. ನನಗೂ ಒಂದು ಗಳಿಗೆ ಅನುಮಾನವಾಯಿತು ಎಂದರೆ ಅವರ ಹಳೆಯ ಖ್ಯಾತಿ ಎಂಥದ್ದೆಂದು ತಿಳಿಯಬಹುದು. ಕಂಪನಿಯವರು ಇಂಥದಕ್ಕೆಲ್ಲ ದೊಡ್ಡ ದೊಡ್ಡ ಬರಹಗಾರರನ್ನು ಇಟ್ಟುಕೊಂಡಿರುತ್ತಾರೆ ಎಂದ ದರ್ಜಿ. ಹೆಡ್‌ಮಾಸ್ಟರು ಸಾಹೇಬರ ಭುಜ ತಟ್ಟಿ, ಹೋದ ಸಲ ವಿಜ್ಞಾನ ನಿಮ್ಮದಾಗಿತ್ತು, ಈ ಸಲ ಸಾಹಿತ್ಯ ಮನೆಯವರದ್ದೋ ಎಂದು ನಕ್ಕರು. ಸಾಹೇಬರು ಆಣೆ ಮಾಡಿದರು. ನಗು ಇನ್ನೂ ಹೆಚ್ಚಾಯಿತು.

ಅಷ್ಟರಲ್ಲಿ ಅಕ್ಕ ಸಲೂನಿನಿಂದ ಬಂದಳು. ನೀನೇ ಹೇಳು ಎಂದು ಸಾಹೇಬರು ಬಾಟಲಿ ಮುಂದೆ ಹಿಡಿದರು. ಆಕೆ ಆ ಸಾಲನ್ನು ಓದಿದಳು. ತುಟಿ ಸ್ವಲ್ಪ ಅಲುಗಿತು. ಮುಖ ಮಾತ್ರ ಸಾಬೂನಿನ ಅಚ್ಚಿನಂತೆ ಗಂಭೀರ.

“ಇವ್ರು ಹೇಳೋದನ್ನೆಲ್ಲ ನಂಬಬೇಡಿ,” ಎಂದು ಹೇಳಿ, ಕೈಚೀಲವನ್ನು ಗಂಡನ ಹೆಗಲಿಗೆ ತಗುಲಿಸಿ, ಮೆಟ್ಟಿಲು ಹತ್ತಿ ಹೋದಳು.

ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲೇಬಲ್ ಸಾಹೇಬರು ಬೇಸರಪಟ್ಟುಕೊಳ್ಳಲಿಲ್ಲ. ಹೆಗಲಿನ ಮೇಲೆ ಹೆಂಡತಿಯ ಚೀಲ, ಕೈಯಲ್ಲಿ ಬಾಟಲಿ, ಎದೆ ಮುಂದಕ್ಕೆ. ಗೇಟಿನ ಬಳಿ ಅಂಚೆಯವನು ಸೈಕಲ್ಲು ನಿಲ್ಲಿಸುತ್ತಿದ್ದ. ಅವನಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ.

“ಒಂದು ನಿಮಿಷ ನಿಲ್ಲಿ,” ಎಂದು ಸಾಹೇಬರು ಅತ್ತ ನಡೆದರು.